ಇಂಗ್ಲೆಂಡಿನಲ್ಲಿ ದಿನ ತುಂಬಿದಾಗ: ಹೆರಿಗೆಗೆ ಕಾಯುವುದು ಹೇಗೆ?

ಇಂಗ್ಲೆಂಡಿನಲ್ಲಿರುವ ಬಸುರಿ ಮಗಳಿಗೆ ಊರಿಂದ ಅಮ್ಮ ಫೋನ್ ಮಾಡಿದರೆ ಮೊದಲ ಪ್ರಶ್ನೆ, ‘ಡಾಕ್ಟರ್ ಏನಂದ್ರು?’ ಮಗಳ ಉತ್ತರ, ‘ಡಾಕ್ಟರ್ ನೋಡೇ ಇಲ್ಲಮ್ಮ.’ ಆಮೇಲೆ ಅರ್ಧ ಗಂಟೆ ಅದೇ ಮಾತು.

ಅಲ್ಲಿ ತೊಂದರೆಯಿಲ್ಲದ ಬಸಿರನ್ನು ನೋಡಿಕೊಳ್ಳುವವರು ಹೆರಿಗೆಯ ತರಬೇತಿ ಪಡೆದ ಮಿಡ್‌ವೈಫ್‌ಗಳು. ಮಾಮೂಲಿ ಸ್ಕ್ಯಾನ್ ಎರಡೇ. 12ನೇ ವಾರದ ಆಸುಪಾಸಿನಲ್ಲಿ ಒಂದು, 20ನೇ ವಾರಕ್ಕೆ ಇನ್ನೊಂದು. ಕೊನೆಯ ತಿಂಗಳಲ್ಲಿ ಬಿಪಿ ನೋಡುತ್ತಾರೆ, ಮೂತ್ರ ಪರೀಕ್ಷೆ ಮಾಡುತ್ತಾರೆ, ಟೇಪು ಹಿಡಿದು ಹೊಟ್ಟೆ ಅಳೆಯುತ್ತಾರೆ, ಮನೆಗೆ ಕಳಿಸುತ್ತಾರೆ. ‘ಇಂಥ ದಿನ ಬಂದು ಅಡ್ಮಿಟ್ ಆಗಿ’ ಎಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಮೈಯಲ್ಲಿ ಏನಾಗುತ್ತಿದೆ ಎಂದು ಗಮನಿಸಿಕೊಂಡು, ಅನುಮಾನ ಬಂದಾಗ ಬಸುರಿಯೇ ಫೋನ್ ಮಾಡಬೇಕು. ಅಲ್ಲಿನ ವ್ಯವಸ್ಥೆ ನಡೆಯುವುದೇ ಹೀಗೆ. ನನ್ನ ಹೆರಿಗೆಯೂ ಅಲ್ಲೇ ಆಗಿದ್ದು. ಇದನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಕೆಳಗಿನದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಸಾಮಾನ್ಯ ಕ್ರಮ. ಶುಗರ್, ಬಿಪಿ, ಅವಳಿ ಮಕ್ಕಳು, ಹಿಂದೆ ಸಿಸೇರಿಯನ್ ಆಗಿದ್ದರೆ ನಿಮ್ಮನ್ನು ನೋಡುವವರ ಮಾತೇ ಕೊನೆ.

1. ತವರಲ್ಲೋ, ಇಂಗ್ಲೆಂಡಿನಲ್ಲೋ? ಬೇಗ ತೀರ್ಮಾನಿಸಿ

ಚೊಚ್ಚಲ ಹೆರಿಗೆ ತವರಲ್ಲಿ ಅನ್ನುವುದು ನಮ್ಮ ರೂಢಿ. ಆದರೆ 28 ವಾರ ದಾಟಿದ ಮೇಲೆ ವಿಮಾನದವರು ವೈದ್ಯರ ಪತ್ರ ಕೇಳುತ್ತಾರೆ. 36 ವಾರದ ನಂತರ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ. ಇನ್ನೊಂದು ಮಾತು: ಗಂಡ ಹೆಂಡತಿ ಇಬ್ಬರೂ ಕೆಲಸದ ವೀಸಾದಲ್ಲಿದ್ದು ಮಗು ಊರಲ್ಲಿ ಹುಟ್ಟಿದರೆ, ಅದಕ್ಕೆ ವೀಸಾ ಸಿಗುವ ತನಕ ವಾಪಸ್ ಕರೆತರುವಂತಿಲ್ಲ. ಸೀಮಂತದ ನೆಪದಲ್ಲಿ ಹೋಗಿ ಬರುವುದಿದ್ದರೆ ಏಳನೇ ತಿಂಗಳ ಒಳಗೇ ಮುಗಿಸಿ.

2. ಅಮ್ಮನನ್ನು ಕರೆಸುವ ಲೆಕ್ಕ

ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಬಹುದು. ಪ್ರಯಾಣಕ್ಕೆ 3 ತಿಂಗಳಿರುವಾಗ ಅರ್ಜಿ ಹಾಕಬಹುದು. ತೀರ್ಮಾನ ಸಾಮಾನ್ಯವಾಗಿ 3 ವಾರದಲ್ಲಿ ಬರುತ್ತದೆ. ತಡವಾಗುವುದೂ ಉಂಟು, ಆದ್ದರಿಂದ ಕೊನೆಯ ಗಳಿಗೆಗೆ ಬಿಡಬೇಡಿ.

ಎರಡು ತಿಂಗಳು ಮೊದಲೇ ಅಮ್ಮನನ್ನು ಕರೆಸಿಕೊಳ್ಳುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪರದೇಶದ ಫ್ಲಾಟಿನಲ್ಲಿ ಅಮ್ಮ ಮಗಳು ಇಬ್ಬರೇ ಕೂತು ಹೊಟ್ಟೆ ನೋಡಿಕೊಂಡು ಕಾಯುವುದು ಇಬ್ಬರಿಗೂ ಕಷ್ಟ. ಅಮ್ಮನ ಕೈ ಜಾಸ್ತಿ ಬೇಕಾಗುವುದು ಬಾಣಂತನಕ್ಕೆ. 37ನೇ ವಾರದ ಹೊತ್ತಿಗೆ ಬಂದರೆ ಚೆನ್ನ. ಹವೆಗೆ, ಗ್ಯಾಸ್ ಒಲೆಗೆ, ಬಸ್ಸಿಗೆ ಹೊಂದಿಕೊಳ್ಳಲು ಅಷ್ಟು ಸಾಕು.

ಅಮ್ಮನಿಗೆ ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಹೇಳಿ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ವಿಸಿಟರ್ ಆಗಿ ಬಂದವರು ಆಸ್ಪತ್ರೆಗೆ ಅಡ್ಮಿಟ್ ಆದರೆ ಎನ್‌ಎಚ್‌ಎಸ್ ಬಿಲ್ ಹಾಕುತ್ತದೆ, ಅದೂ ಮಾಮೂಲಿ ದರದ ಒಂದೂವರೆ ಪಟ್ಟು.

ಸೂಟ್‌ಕೇಸಿಗೆ ಏನು? ಅಂಟು, ಓಮ, ಶುಂಠಿ ಪುಡಿ, ಸಾರಿನ ಪುಡಿ, ಕುಲಾವಿ, ತೊಳೆದು ಮೆತ್ತಗಾದ ಹಳೇ ಪಂಚೆ ಬಟ್ಟೆ. ತುಪ್ಪ ಬೇಡ. ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಲ್ಲಿನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ. ಅಂಗಡಿಯ ಕಾಡಿಗೆಯೂ ಬೇಡ. ಕೆಲವದರಲ್ಲಿ ಸೀಸ ಇರುತ್ತದೆ, ಕೂಸಿನ ಕಣ್ಣಿಗೆ ಹಚ್ಚಬಾರದು.

ಬಚ್ಚಲಿನ ವಿಷಯ ಅಮ್ಮನಿಗೆ ಮೊದಲೇ ಹೇಳಿಡಿ. ಅಲ್ಲಿ ನೆಲದಲ್ಲಿ ನೀರು ಹೋಗಲು ಕಿಂಡಿ ಇರುವುದಿಲ್ಲ. ಬಕೆಟ್ಟಿನಿಂದ ಮೊಗೆದು ನಮ್ಮ ಧಾಟಿಯಲ್ಲಿ ಹುಯ್ದರೆ ಕೆಳಗಿನ ಮನೆಯವರ ಸೀಲಿಂಗ್ ತೊಟ್ಟಿಕ್ಕುತ್ತದೆ. ಎಣ್ಣೆ ನೀರು ಟಬ್ಬಿನೊಳಗೇ ಆಗಬೇಕು. ಹಾಗೇ ಕೋಣೆಯಲ್ಲಿ ಸಾಂಬ್ರಾಣಿ ಹಾಕಿದರೆ ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆ. ಎಳೆ ಕೂಸಿಗೆ ಹೊಗೆ ಒಳ್ಳೆಯದೂ ಅಲ್ಲ, ಬಿಟ್ಟುಬಿಡಿ.

3. ಊರಿಗೆ ತಾರೀಕು ಕೊಡಬೇಡಿ

ಡ್ಯೂ ಡೇಟ್ ಅಂದರೆ 40 ವಾರ ತುಂಬುವ ದಿನ. ಅದೇ ದಿನ ಹುಟ್ಟುವ ಮಕ್ಕಳು 20ಕ್ಕೆ ಒಂದರಷ್ಟು. 37ರಿಂದ 42 ವಾರದೊಳಗೆ ಯಾವಾಗ ಹುಟ್ಟಿದರೂ ದಿನ ತುಂಬಿದ ಮಗುವೇ. ಆದರೆ ಊರಿಗೆ ‘ಜೂನ್ 12’ ಅಂದುಬಿಟ್ಟರೆ 13ರಿಂದ ಚಿಕ್ಕಮ್ಮ, ದೊಡ್ಡಮ್ಮ, ನಾದಿನಿ, ಪಕ್ಕದ ಮನೆ ಆಂಟಿ ಎಲ್ಲರದ್ದೂ ‘ಇನ್ನೂ ಆಗಿಲ್ವಾ?’ ಶುರು. ‘ಜೂನ್ ಕೊನೆ’ ಅನ್ನಿ, ಸಾಕು.

ಬೇಸಿಗೆಯಲ್ಲಿ ಎರಡೂ ಕಡೆಗೆ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಮೈಸೂರಿನಲ್ಲಿ ಕಾಫಿ ಕುಡಿಯುತ್ತಾ ಏಳೂವರೆಗೆ ‘ಹೇಗಿದ್ದೀಯಾ?’ ಎಂದು ಕೇಳುವವರಿಗೆ ಇಂಗ್ಲೆಂಡಿನಲ್ಲಿ ನಡುರಾತ್ರಿ ಮೂರು ಎಂದು ನೆನಪಿರುವುದಿಲ್ಲ. ಸುದ್ದಿ ಹೇಳುವ ಕೆಲಸವನ್ನು ಒಬ್ಬರಿಗೆ ವಹಿಸಿ, ತಮ್ಮನೋ ಮೈದುನನೋ ಯಾರೋ ಒಬ್ಬರು. ನೋವು ಶುರುವಾದ ಮೇಲೆ ಬಸುರಿಯ ಫೋನು ಸೈಲೆಂಟಿನಲ್ಲಿರಲಿ.

4. ಚೀಲ ಮತ್ತು ಅಡುಗೆಮನೆ

36ನೇ ವಾರಕ್ಕೆ ಚೀಲ ಬಾಗಿಲ ಬಳಿ ಇರಲಿ. ಬಟ್ಟೆಬರೆಯ ಪಟ್ಟಿ ಮಿಡ್‌ವೈಫ್ ಕೊಡುತ್ತಾರೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದರಲ್ಲಿ ಇಲ್ಲದ್ದು ಒಂದಿದೆ, ಬಿಸಿನೀರಿನ ಫ್ಲಾಸ್ಕ್. ಹೆರಿಗೆ ಮುಗಿದ ತಕ್ಷಣ ಅಲ್ಲಿ ಕೊಡುವುದು ಚಹಾ ಮತ್ತು ಬೆಣ್ಣೆ ಸವರಿದ ಟೋಸ್ಟ್. ಆ ಹೊತ್ತಿಗೆ ಅದು ಅಮೃತವೇ, ಸುಳ್ಳಲ್ಲ. ಆದರೆ ಆಮೇಲೆ ಬರುವುದು ತಣ್ಣನೆ ಸ್ಯಾಂಡ್‌ವಿಚ್ಚು, ಜಗ್ಗಿನಲ್ಲಿ ತಣ್ಣೀರು. ಹಸಿ ಬಾಣಂತಿಯ ಮುಂದೆ ಅದನ್ನು ಕಂಡು ಅಮ್ಮಂದಿರ ಮುಖ ಹೇಗಾಗುತ್ತದೆ ಎಂದು ಹೇಳಬೇಕಾಗಿಲ್ಲ. ಇನ್ನೊಂದು ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಬಂದರೆ ಎಲ್ಲರಿಗೂ ಸಮಾಧಾನ.

ಅಡುಗೆಮನೆ ಅದಕ್ಕಿಂತ ಮುಖ್ಯ. ಸಹಜ ಹೆರಿಗೆಯಾಗಿ ತಾಯಿ ಮಗು ಚೆನ್ನಾಗಿದ್ದರೆ ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ. ಸಿಸೇರಿಯನ್ ಆದರೂ ಸಾಮಾನ್ಯವಾಗಿ ಒಂದೆರಡು ದಿನ ಅಷ್ಟೇ. ಆದ್ದರಿಂದ ಅರೆಬೆಂದ ಚಪಾತಿ, ಇಡ್ಲಿ ಹಿಟ್ಟು, ಬೇಯಿಸಿದ ಬೇಳೆ ಡಬ್ಬಿಗಳಲ್ಲಿ ಫ್ರೀಜರ್ ಸೇರಲಿ. ಹುರಿದ ಅಂಟು, ಕೊಬ್ಬರಿ, ಬೆಲ್ಲದ ಉಂಡೆ ಕಟ್ಟಲು ಕೊನೆಯ ವಾರದ ಮಧ್ಯಾಹ್ನಗಳು ಹೇಳಿ ಮಾಡಿಸಿದ ಹಾಗಿರುತ್ತವೆ. ಕೈಗೆ ಕೆಲಸ, ಮನಸ್ಸಿಗೂ ಸ್ವಲ್ಪ ಬಿಡುವು.

ಸ್ವಂತ ಕಾರಿನಲ್ಲಿ ಮನೆಗೆ ಬರುವಾಗ ಮಗು ಮಡಿಲಲ್ಲಿ ಕೂರುವಂತಿಲ್ಲ, ಕಾರ್ ಸೀಟು ಬೇಕೇ ಬೇಕು. ಅದರ ಬೆಲ್ಟನ್ನು ಒಂದು ಗೊಂಬೆ ಕೂರಿಸಿ ಮೊದಲೇ ಹಾಕಿ ತೆಗೆದು ಅಭ್ಯಾಸ ಮಾಡಿ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಮಳೆಯಲ್ಲಿ, ಅಳುವ ಕೂಸನ್ನಿಟ್ಟುಕೊಂಡು ಕಲಿಯುವ ವಿದ್ಯೆ ಅದಲ್ಲ.

5. ಫೋನ್ ಮಾಡುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಪ್ರತಿ ಹೆರಿಗೆ ಆಸ್ಪತ್ರೆಗೂ 24 ಗಂಟೆ ಎತ್ತುವ ಟ್ರಯಾಜ್ ನಂಬರ್ ಇರುತ್ತದೆ, ಅಂದರೆ ತೊಂದರೆ ಕೇಳಿ ಮುಂದೇನು ಎಂದು ಹೇಳುವವರ ಫೋನ್. ನಿಮ್ಮ ಮೆಟರ್ನಿಟಿ ಪುಸ್ತಕದಲ್ಲೋ ಆ್ಯಪ್‌ನಲ್ಲೋ ಇದೆ. ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಸೇವ್ ಮಾಡಿ, ಕಾಗದದಲ್ಲಿ ಬರೆದು ಫ್ರಿಜ್ಜಿಗೂ ಅಂಟಿಸಿ.

ಬೆಳಗಾಗಲಿ ಎಂದು ಕಾಯದೆ ಫೋನ್ ಮಾಡಬೇಕಾದ ಸಂದರ್ಭಗಳಿವು:

- ಮಗುವಿನ ಒದೆತ, ಅಲುಗಾಟ ಕಡಿಮೆಯಾಗಿದೆ, ನಿಂತಿದೆ ಅಥವಾ ಎಂದಿನಂತಿಲ್ಲ.
- ರಕ್ತ ಕಂಡಿದೆ.
- ನೀರು ಹೋಗಿದೆ, ಅಥವಾ ಹೋದ ಅನುಮಾನವಿದೆ.
- ಜೋರು ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು.
- ಅಂಗೈ ಅಂಗಾಲಿನಲ್ಲಿ ತುರಿಕೆ, ರಾತ್ರಿ ಜಾಸ್ತಿ.
- ಜ್ವರ.
- 37 ವಾರ ತುಂಬುವ ಮೊದಲೇ ಬಿಟ್ಟುಬಿಟ್ಟು ಬರುವ ನೋವು.

ರಕ್ತ ಸುರಿಯುತ್ತಿದ್ದರೆ, ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ ನೇರ 999, ಅಲ್ಲಿನ ತುರ್ತು ನಂಬರ್.

ಒದೆತದ ಬಗ್ಗೆ ಒಂದು ಮಾತು. ‘ದಿನ ತುಂಬಿದ ಮೇಲೆ ಜಾಗ ಸಾಲದೆ ಮಗು ಸುಮ್ನಾಗುತ್ತೆ’ ಎಂದು ಹಿರಿಯರು ಹೇಳುತ್ತಾರೆ. ಅದು ತಪ್ಪು. ಹೆರಿಗೆಯವರೆಗೂ, ನೋವಿನ ಹೊತ್ತಿನಲ್ಲೂ ಮಗು ಅಲುಗಬೇಕು. ದಿನಕ್ಕೆ ಇಷ್ಟು ಒದೆತ ಎಂಬ ಲೆಕ್ಕವಿಲ್ಲ, ನಿಮ್ಮ ಮಗುವಿನ ರೂಢಿಯೇ ಅಳತೆ. ಮನೆಯಲ್ಲಿ ಡಾಪ್ಲರ್ (ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಯಂತ್ರ) ಕೊಂಡು ಬಡಿತ ಕೇಳಿ ಸಮಾಧಾನಪಡಬೇಡಿ. ಬಡಿತ ಕೇಳಿಸಿದ ಮಾತ್ರಕ್ಕೆ ಮಗು ಚೆನ್ನಾಗಿದೆ ಎಂದಲ್ಲ. ಅಂಗೈ ತುರಿಕೆಯನ್ನೂ ಚಳಿಗೆ ಚರ್ಮ ಒಣಗಿದ್ದು ಎಂದು ತಳ್ಳಿಹಾಕಬೇಡಿ. ಯಕೃತ್ತಿನ ತೊಂದರೆಯಿಂದ ಹೀಗಾಗಬಹುದು, ನಮ್ಮ ಕಡೆಯ ಹೆಂಗಸರಲ್ಲಿ ಅದು ಸ್ವಲ್ಪ ಜಾಸ್ತಿಯೇ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ.

ನೀರು ಹೋದರೆ ಎಷ್ಟು ಗಂಟೆಗೆ, ಯಾವ ಬಣ್ಣ ಎಂದು ಗುರುತಿಟ್ಟುಕೊಳ್ಳಿ, ಪ್ಯಾಡ್ ಹಾಕಿಕೊಳ್ಳಿ. ಹಸಿರೋ ಕಂದೋ ಇದ್ದರೆ ಕೂಡಲೇ ಹೊರಡಬೇಕು. ತಿಳಿಯಾಗಿದ್ದು ಎಲ್ಲ ಸರಿಯಿದ್ದರೆ ಪರೀಕ್ಷೆ ಮಾಡಿ ಮನೆಗೇ ಕಳಿಸಬಹುದು. ನೂರರಲ್ಲಿ ಅರವತ್ತು ಮಂದಿಗೆ 24 ಗಂಟೆಯೊಳಗೆ ತಾನಾಗಿ ನೋವು ಬರುತ್ತದೆ.

ಬರೀ ನೋವು ಶುರುವಾದರೆ ಗಡಿಬಿಡಿ ಬೇಡ. ಐದು ನಿಮಿಷಕ್ಕೊಂದರಂತೆ, ಒಂದೊಂದೂ ಸುಮಾರು ಒಂದು ನಿಮಿಷ, ಬಿಡದೆ ಬರತೊಡಗಿದಾಗ ಫೋನ್ ಮಾಡಿ. ಮಾತಾಡುವುದು ಬಸುರಿಯೇ ಆಗಿರಲಿ. ಗಂಡ ಫೋನ್ ಹಿಡಿದರೂ ಮಿಡ್‌ವೈಫ್ ‘ಅವರ ಕೈಗೆ ಕೊಡಿ’ ಅನ್ನುತ್ತಾರೆ. ಎಷ್ಟು ವಾರ, ಎಷ್ಟನೇ ಮಗು, ಅಲುಗಾಟ ಹೇಗಿದೆ, ನೀರು ಹೋಗಿದೆಯಾ ಎಂದು ಕೇಳುತ್ತಾ ಹೋಗುತ್ತಾರೆ. ಪ್ರಶ್ನೆಗಳ ನಡುವೆ ಅವರು ಕಿವಿಗೊಡುವುದು ನಿಮ್ಮ ಉಸಿರಿಗೆ. ನೋವು ಬಂದಾಗಲೂ ಸಲೀಸಾಗಿ ಮಾತಾಡುತ್ತೀರೋ, ಮಾತು ನಿಲ್ಲಿಸಿ ಹಲ್ಲು ಕಚ್ಚುತ್ತೀರೋ ಎಂದು. ಅಲ್ಲೇ ಅವರಿಗೆ ಅರ್ಧ ಗೊತ್ತಾಗುತ್ತದೆ. ನಮ್ಮ ಹೆಣ್ಣುಮಕ್ಕಳು ಮರ್ಯಾದೆಗೆ ನೋವು ನುಂಗಿ ‘ಪರವಾಗಿಲ್ಲ’ ಅಂದುಬಿಡುತ್ತಾರೆ. ಅಲ್ಲಿ ಪರವಾಗಿಲ್ಲ ಅಂದರೆ ಪರವಾಗಿಲ್ಲ ಎಂದೇ ಬರೆದುಕೊಳ್ಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ.

ಮೊದಲ ಸಲ ಹೋದಾಗ ‘ಇನ್ನೂ ಸಮಯವಿದೆ, ಮನೆಗೆ ಹೋಗಿ’ ಎಂದು ವಾಪಸ್ ಕಳಿಸುವುದು ತೀರಾ ಮಾಮೂಲು. ಅವಮಾನ ಅಂದುಕೊಳ್ಳಬೇಡಿ. ಮತ್ತೆ ಫೋನ್ ಮಾಡಲೂ ಹಿಂಜರಿಯಬೇಡಿ, ಎರಡನೇ ಸಲಕ್ಕೂ ಮೂರನೇ ಸಲಕ್ಕೂ. ಇಂಗ್ಲಿಷ್ ಕಷ್ಟವಿದ್ದರೆ ಎನ್‌ಎಚ್‌ಎಸ್ ದುಡ್ಡು ತೆಗೆದುಕೊಳ್ಳದೆ ದುಭಾಷಿ ಒದಗಿಸುತ್ತದೆ, ಮೊದಲೇ ಕೇಳಿಡಿ.

6. ತಾರೀಕು ದಾಟಿದರೆ

39 ವಾರದ ನಂತರ ಮಿಡ್‌ವೈಫ್ ‘ಸ್ವೀಪ್’ ಮಾಡಲೇ ಎಂದು ಕೇಳಬಹುದು. ಒಳಪರೀಕ್ಷೆ ಮಾಡುವಾಗ ಬೆರಳಿನಿಂದ ಗರ್ಭಕೋಶದ ಬಾಯಿಯ ಪೊರೆಯನ್ನು ಸಡಿಲಿಸುವುದು ಅದು. ಸ್ವಲ್ಪ ನೋವಾಗುತ್ತದೆ. ಬೇಡ ಅನ್ನಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. 41 ವಾರ ಆದ ಮೇಲೆ ಔಷಧಿಯಿಂದ ನೋವು ಬರಿಸುವ ಮಾತು ಬರುತ್ತದೆ. ಹಾಗೆ ಬರಿಸಲು ಒಪ್ಪಿದರೆ ಒಂದೆರಡು ದಿನ ಹಿಡಿಯಬಹುದು, ಪುಸ್ತಕ, ಚಾರ್ಜರ್, ತಿಂಡಿ ಜಾಸ್ತಿ ಇಟ್ಟುಕೊಳ್ಳಿ. 42 ದಾಟಿದರೂ ಬೇಡವೆಂದರೆ ವಾರಕ್ಕೆ ಎರಡು ಸಲ ಮಗುವಿನ ಎದೆಬಡಿತ ನೋಡಲು ಕರೆಯುತ್ತಾರೆ. ವಾರ ಏರಿದಂತೆ ಅಪಾಯವೂ ಸ್ವಲ್ಪ ಸ್ವಲ್ಪ ಏರುತ್ತದೆ. ಆದ್ದರಿಂದ ಸುಮ್ಮನೆ ಮುಂದೂಡುವ ಬದಲು ಎದುರು ಕೂತು ಪ್ರಶ್ನೆ ಕೇಳಿ ತೀರ್ಮಾನಿಸಿ.

ಹರಳೆಣ್ಣೆ ಕುಡಿಯಿರಿ ಎಂದು ಊರಿಂದ ಸಲಹೆ ಬಂದೇ ಬರುತ್ತದೆ. ಬೇಡ. ಭೇದಿ ಗ್ಯಾರಂಟಿ, ಹೆರಿಗೆ ಅಲ್ಲ.

7. ಕಾಯುವ ದಿನಗಳಲ್ಲೇ ಮುಗಿಸುವ ಕಾಗದದ ಕೆಲಸ

ಆಫೀಸಿಗೆ ಕೊಡುವ ಮ್ಯಾಟ್ ಬಿ1, ಅಂದರೆ ಬಸಿರನ್ನು ದೃಢಪಡಿಸುವ ಪತ್ರ, ಇಷ್ಟು ಹೊತ್ತಿಗೆ ಕೊಟ್ಟಾಗಿರಬೇಕು. ಕೊನೆಯ 4 ವಾರದಲ್ಲಿ ಬಸಿರಿಗೆ ಸಂಬಂಧಿಸಿದ ಕಾರಣಕ್ಕೆ ಸಿಕ್ ಲೀವ್ ಹಾಕಿದರೆ ಹೆರಿಗೆ ರಜೆ ತಾನಾಗಿ ಶುರುವಾಗುತ್ತದೆ, ನೆನಪಿರಲಿ. ಗಂಡನಿಗೆ ಸಿಗುವುದು ಎರಡು ವಾರ. 2024ರ ಏಪ್ರಿಲ್‌ನಿಂದ ಅದನ್ನು ಒಂದೊಂದು ವಾರವಾಗಿ, ಒಂದು ವರ್ಷದೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಅಮ್ಮ ಊರಿಗೆ ಹೊರಡುವ ವಾರಕ್ಕೆ ಒಂದು ಉಳಿಸಿಕೊಳ್ಳುವುದು ಜಾಣತನ.

ಹೆಸರು ಈಗಲೇ ಯೋಚಿಸಿ. ಜನನ ನೋಂದಣಿಗೆ 42 ದಿನ ಗಡುವು. ನಾಮಕರಣದ ಹೆಸರು, ಅಜ್ಜಿಯ ಹೆಸರು, ಕರೆಯುವ ಹೆಸರು ಎಲ್ಲ ಸೇರಿ ಮನೆಯಲ್ಲಿ ಪಂಚಾಯಿತಿ ನಡೆಯಲಿ, ಆದರೆ ಸರ್‌ನೇಮ್ ಏನು ಎಂಬುದು ಮೊದಲು ಗಟ್ಟಿಯಾಗಲಿ. ಊರಿನ ಹೆಸರಿನ ಇನಿಷಿಯಲ್, ಅಪ್ಪನ ಹೆಸರಿನ ಇನಿಷಿಯಲ್ ಇಟ್ಟುಕೊಂಡ ನಮ್ಮಂಥವರಿಗೆ ಇದೇ ದೊಡ್ಡ ತಲೆನೋವು. ಅಲ್ಲಿ ಬರೆಸಿದ್ದೇ ಪಾಸ್‌ಪೋರ್ಟಿಗೂ ಹೋಗುತ್ತದೆ.

ಜಾತಕ ಬರೆಸುವವರು ಹುಟ್ಟಿದ ಗಳಿಗೆಯನ್ನು ಕೂಡಲೇ ಗುರುತು ಹಾಕಿಕೊಳ್ಳಿ. ಇಂಗ್ಲೆಂಡಿನ ಜನನ ಪತ್ರದಲ್ಲಿ ಅವಳಿಗಳಾದರೆ ಮಾತ್ರ ಸಮಯ ಬರೆಯುತ್ತಾರೆ. ಬೇಸಿಗೆಯಲ್ಲಿ ಹುಟ್ಟಿದರೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನೂ ಜೋಯಿಸರಿಗೆ ತಿಳಿಸಿ.

ಅಪ್ಪ ಅಮ್ಮ ಇಬ್ಬರೂ ವೀಸಾದಲ್ಲಿದ್ದರೆ, ಅಲ್ಲೇ ಹುಟ್ಟಿದರೂ ಮಗು ಬ್ರಿಟಿಷ್ ಪ್ರಜೆಯಲ್ಲ. ಒಂದು ವರ್ಷದೊಳಗೆ ಭಾರತದ ಹೈ ಕಮಿಷನ್‌ನಲ್ಲಿ ಜನನ ನೋಂದಾಯಿಸಿ, ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ವೀಸಾಕ್ಕೆ ಅರ್ಜಿ ಹಾಕಬೇಕು. ಅಲ್ಲಿಯತನಕ ಮಗುವನ್ನು ಕರೆದುಕೊಂಡು ದೇಶ ಬಿಟ್ಟರೆ ವಾಪಸ್ ಬರಲು ತೊಡಕು. ಹೆರಿಗೆ ಭತ್ಯೆ ತೆಗೆದುಕೊಳ್ಳುವುದಕ್ಕೆ ವೀಸಾ ಅಡ್ಡಿಯಲ್ಲ, ಅದು ಸಂಬಳದ ಲೆಕ್ಕಕ್ಕೆ ಸೇರಿದ್ದು. ಮಕ್ಕಳ ಖರ್ಚಿಗೆ ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ ಬೇರೆ. ನಿಮ್ಮ ವೀಸಾದಲ್ಲಿ ‘ಸರ್ಕಾರಿ ನೆರವು ಇಲ್ಲ’ ಎಂದು ಬರೆದಿದ್ದರೆ, ಯಾರಾದರೂ ಅದರ ಫಾರಂ ಕೈಗಿತ್ತರೂ ತುಂಬಬೇಡಿ.