ಮಂದ್ರದಿಂದ ಮೇಲಕ್ಕೆ: ಸಂಗೀತ ಕೇಳುವ ಕೋಣೆಯನ್ನು ಹದಗೊಳಿಸಿದ ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಸಂಗೀತ ಕೇಳಲೆಂದೇ ಬಿಟ್ಟುಕೊಂಡಿರುವ ಕೋಣೆ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರದ್ದು. ಇಟ್ಟಿಗೆ ಗೋಡೆಗೆ ಸಿಮೆಂಟಿನ ಗಾರೆ, ಮೇಲೆ ಆರ್‌ಸಿಸಿ ತಾರಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್, ಎಡಗೋಡೆಯಲ್ಲಿ ಗಾಜಿನ ದೊಡ್ಡ ಕಿಟಕಿ, ಹಿಂಗೋಡೆಯ ಮೇಲ್ಭಾಗದಲ್ಲಿ ಹಳೆಯ ಸಾಮಾನು ಇಡಲು ಎರಡು ಅಡಿ ಆಳದ ಸಜ್ಜಾ. ನಮ್ಮ ಊರುಗಳಲ್ಲಿ ಬಹುಪಾಲು ಕೋಣೆಗಳು ಹೀಗೆಯೇ ಇರುತ್ತವೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕೋಣೆಯ ಧ್ವನಿಗುಣದ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಅಂಥ ಗೋಡೆ ತಗ್ಗು ಸ್ವರಕ್ಕೆ ತಾನೇ ಅಲುಗಿ ಶಬ್ದದ ಒಂದು ಪಾಲನ್ನು ನುಂಗಿಕೊಳ್ಳುತ್ತದೆ, ಇನ್ನೊಂದು ಪಾಲನ್ನು ಆಚೆಗೆ ಬಿಡುತ್ತದೆ. ನಮ್ಮ ಇಟ್ಟಿಗೆ ಮತ್ತು ಕಾಂಕ್ರೀಟು ಅಲುಗುವುದಿಲ್ಲವಾದ್ದರಿಂದ ಸ್ಪೀಕರಿನಿಂದ ಹೊರಟ ಮಂದ್ರವೆಲ್ಲ, ಅಂದರೆ ತಗ್ಗು ಸ್ವರಗಳೆಲ್ಲ, ಕೋಣೆಯೊಳಗೇ ಉಳಿದು ಹೊಯ್ದಾಡುತ್ತದೆ. ಆದ್ದರಿಂದ ನಮ್ಮ ಮನೆಗಳಲ್ಲಿ ಈ ಕೆಲಸವನ್ನು ಮಂದ್ರದಿಂದಲೇ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಹೆಚ್ಚಾಗಿ ಕೇಳುವುದು ವೀಣೆ ಮತ್ತು ಗಾಯನ. ವೀಣೆಯ ಮುಖ್ಯ ತಂತಿಯಾದ ಸಾರಣಿ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಮಂದ್ರದ ತಂತಿಗೆ ಬೆರಳು ಹೋದ ಕೂಡಲೇ ಒಂದು ಸ್ವರ ಮಾತ್ರ ಊದಿಕೊಂಡು, ಮುಂದಿನ ಸ್ವರ ಬಂದಮೇಲೂ ಕೋಣೆಯಲ್ಲಿ ಉಳಿದಿರುತ್ತಿತ್ತು. ಮೃದಂಗದ ಎಡಭಾಗದಿಂದ ಹೊರಡುವ ಗುಮುಕಿ ಎಂಬ ಜಾರುವ ನಾದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂಬುದು ತಿಳಿಯುತ್ತಿರಲಿಲ್ಲ. ಗುಮುಕಿಯ ಜೀವವಿರುವುದು ಅದು ಏರಿ ನಿಲ್ಲುವ ಬಗೆಯಲ್ಲಿ. ನಿಲ್ಲುವುದು ಕೇಳಿಸದಿದ್ದರೆ ಲಯವೇ ಮಂಕಾಗುತ್ತದೆ.

ಕೋಣೆಗೂ ಶಬ್ದಕ್ಕೂ ಇರುವ ಸಂಬಂಧವನ್ನು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಕ್ಲೆಮೆಂಟ್ ಸೇಬಿನ್. 1895ರಲ್ಲಿ, ಮಾತು ಅರ್ಥವಾಗದಷ್ಟು ಗುಂಯ್‌ಗುಡುತ್ತಿದ್ದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣವನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂತು. ಹತ್ತಿರದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಎಷ್ಟು ಮೆತ್ತೆ ಹಾಕಿದರೆ ಶಬ್ದ ಎಷ್ಟು ಬೇಗ ಅಡಗುತ್ತದೆಂದು ಅವರು ಅಳೆದರು. ಅದರಿಂದ ದೊರೆತ ಸೂತ್ರ ಸರಳವಾದದ್ದು: ಕೋಣೆಯ ಘನ ಅಳತೆಯನ್ನು (ಘನ ಮೀಟರಿನಲ್ಲಿ) 0.161ರಿಂದ ಗುಣಿಸಿ, ಅಲ್ಲಿರುವ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಶಬ್ದವು 60 ಡೆಸಿಬಲ್ (ಶಬ್ದದ ಮಟ್ಟದ ಅಳತೆ) ಇಳಿಯಲು ಬೇಕಾದ ಸೆಕೆಂಡುಗಳು ಸಿಗುತ್ತವೆ. ನನ್ನ ಕೋಣೆ ಸುಮಾರು 44 ಘನ ಮೀಟರ್. ಗಾರೆ ಗೋಡೆ ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಮೂರು ಪಾಲಿನಷ್ಟು ಮಾತ್ರ ಹೀರುತ್ತದೆಂದು ಹಿಡಿದರೆ ಬರಿಯ ಕೋಣೆಯ ಅನುರಣನ, ಅಂದರೆ ಶಬ್ದ ಹೀಗೆ ಅಡಗಲು ಹಿಡಿಯುವ ಕಾಲ, ಮೂರು ಸೆಕೆಂಡು ಮೀರುತ್ತದೆ. ಸೋಫಾ, ಪುಸ್ತಕ, ಪರದೆಗಳು ಸೇರಿದಮೇಲೂ ನನ್ನ ಅಳತೆಯಲ್ಲಿ ಅದು ಸುಮಾರು 1.1 ಸೆಕೆಂಡಿನಲ್ಲಿತ್ತು. ಈ ಗಾತ್ರದ ಕೋಣೆಯಲ್ಲಿ ಸಂಗೀತ ಕೇಳಲು 0.4 ಸೆಕೆಂಡಿನ ಆಸುಪಾಸು ಹಿತಕರ. ಅದಕ್ಕೆ ಬೇಕಾದ ಹೀರಿಕೆ, ಪೂರ್ತಿ ಹೀರಿಕೊಳ್ಳುವ ಮೇಲ್ಮೈಯ ಲೆಕ್ಕದಲ್ಲಿ, ಹದಿನೇಳು ಹದಿನೆಂಟು ಚದರ ಮೀಟರ್.

ಆದರೆ ಚಿಕ್ಕ ಕೋಣೆಯ ಮಂದ್ರಕ್ಕೆ ಸೇಬಿನ್ನರ ಸೂತ್ರ ಸಾಲುವುದಿಲ್ಲ. ಅಲ್ಲಿ ಆಳುವುದು ಎದುರುಬದುರು ಗೋಡೆಗಳ ನಡುವೆ ನೆಲೆನಿಲ್ಲುವ ಅಲೆಗಳು. ಶಬ್ದದ ವೇಗವನ್ನು ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಮೊದಲ ಅಲೆಯ ಆವೃತ್ತಿ (ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಹರ್ಟ್ಸ್‌ಗಳಲ್ಲಿ) ಸಿಗುತ್ತದೆ. ನಮ್ಮ ಬೆಚ್ಚಗಿನ ಹವೆಯಲ್ಲಿ ವೇಗ ಸೆಕೆಂಡಿಗೆ 346 ಮೀಟರ್ ಎಂದಿಟ್ಟುಕೊಂಡರೆ ನನ್ನ ಕೋಣೆಯ ಉದ್ದಕ್ಕೆ ಸುಮಾರು 40 ಹರ್ಟ್ಸ್, ಅಗಲಕ್ಕೆ 52, ಎತ್ತರಕ್ಕೆ 57. ಉದ್ದದ ಎರಡನೆಯ ಅಲೆ 81 ಹರ್ಟ್ಸ್. ನನ್ನ ಸಂಗ್ರಹದ ಅನೇಕ ವೀಣಾವಾದನಗಳ ಶ್ರುತಿ ಬಿಳಿ ಮೂರರ (ಹಾರ್ಮೋನಿಯಮ್ಮಿನ ಮೂರನೆಯ ಬಿಳಿ ಮನೆಯ) ಸಮೀಪದ್ದು. ಆ ಶ್ರುತಿಯಲ್ಲಿ ಮಂದ್ರ ಷಡ್ಜ, ಅಂದರೆ ಕೆಳಸ್ಥಾಯಿಯ ‘ಸ’, 82 ಹರ್ಟ್ಸಿನ ಹತ್ತಿರ ಬೀಳುತ್ತದೆ. ಊದಿಕೊಳ್ಳುತ್ತಿದ್ದ ಸ್ವರ ಯಾವುದು, ಏಕೆ ಎಂಬುದಕ್ಕೆ ಉತ್ತರ ಕಾಗದದ ಮೇಲೆಯೇ ಸಿಕ್ಕಿತು. ವೈಣಿಕರು ಒಂದೇ ತೂಕದಲ್ಲಿ ಮೀಟಿದ ಸ್ವರಗಳಲ್ಲಿ ಒಂದನ್ನು ನನ್ನ ಕೋಣೆ ಎತ್ತಿ ಹಿಡಿಯುತ್ತಿತ್ತು.

ಲೆಕ್ಕವನ್ನು ಅಳತೆಯಿಂದ ಖಚಿತಪಡಿಸಿಕೊಳ್ಳಲು ಲ್ಯಾಪ್‌ಟಾಪಿನಲ್ಲಿ ‘ರೂಮ್ ಈಕ್ಯೂ ವಿಝಾರ್ಡ್’ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡೆ, ಜೊತೆಗೆ ಯುಎಸ್‌ಬಿಗೆ ಜೋಡಿಸುವ ‘ಯೂಮಿಕ್-1’ ಮೈಕನ್ನು ಕೊಂಡೆ. ಪ್ರತಿ ಮೈಕಿಗೂ ಅದರದೇ ತಿದ್ದುಪಡಿ ಕಡತ ದೊರೆಯುವುದು ಇದರ ಅನುಕೂಲ. ಕುಳಿತಾಗ ಕಿವಿ ಇರುವ ಎತ್ತರದಲ್ಲಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಏರುವ ಧ್ವನಿಯನ್ನು ಒಂದೊಂದೇ ಸ್ಪೀಕರಿನಿಂದ ನುಡಿಸಿದೆ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಬೀದಿ ಸದ್ದಡಗಿದ ಹೊತ್ತಿನಲ್ಲಿ ಮಾಡಿದರೆ ತಗ್ಗು ಸ್ವರಗಳ ಅಳತೆ ನಂಬುವಂತಿರುತ್ತದೆ. ಬಾಗಿಲನ್ನು ಸಂಗೀತ ಕೇಳುವಾಗ ಹೇಗಿಡುತ್ತೇವೋ ಅಳೆಯುವಾಗಲೂ ಹಾಗೆಯೇ ಇಡಬೇಕು, ಏಕೆಂದರೆ ತೆರೆದ ಬಾಗಿಲಿನಿಂದ ಮಂದ್ರದ ಚಿತ್ರವೇ ಬದಲಾಗುತ್ತದೆ. 81 ಹರ್ಟ್ಸಿನ ಬಳಿ ಸುಮಾರು 11 ಡೆಸಿಬಲ್‌ಗಳ ಏರು ಕಂಡಿತು. ಅದಕ್ಕಿಂತ ಮುಖ್ಯವಾಗಿ, ಕಾಲಕ್ರಮದಲ್ಲಿ ಶಬ್ದ ಅಡಗುವುದನ್ನು ತೋರಿಸುವ ವಾಟರ್‌ಫಾಲ್ ನಕ್ಷೆಯಲ್ಲಿ ಅದೇ ಜಾಗದಿಂದ ಉದ್ದನೆಯ ಬಾಲ ಹೊರಟಿತ್ತು. ಕಿವಿಗೆ ಕಿರುಕುಳ ಕೊಡುವುದು ಏರಿಗಿಂತ ಈ ಬಾಲವೇ.

ಮೊದಲ ಕೆಲಸ ಹಣ ಬೇಡದ್ದು: ಆಸನ ಮತ್ತು ಸ್ಪೀಕರುಗಳ ಜಾಗ. ಸೋಫಾ ಹಿಂಗೋಡೆಗೆ ಒರಗಿಕೊಂಡಿತ್ತು. ಆ ಗೋಡೆಯ ಬಳಿ ಉದ್ದದ ಎಲ್ಲ ನಿಂತ ಅಲೆಗಳೂ ತಮ್ಮ ಪೂರ್ಣ ಬಲದಲ್ಲಿರುತ್ತವೆ. ಕೋಣೆಯ ನಟ್ಟನಡುವೆ ಕುಳಿತರೆ ಉದ್ದದ ಮೊದಲ ಅಲೆ ಪೂರ್ತಿ ಇಲ್ಲವಾಗುತ್ತದೆ, ಎರಡನೆಯದು ಗರಿಷ್ಠವಾಗುತ್ತದೆ. ಆಸನವನ್ನು ಉದ್ದದ ನೂರಕ್ಕೆ 38ರ ಜಾಗದಲ್ಲಿಡಿ ಎಂಬ ನಿಯಮ ಬಳಕೆಯಲ್ಲಿದೆ. ಅದು ಆರಂಭಕ್ಕೆ ಒಳ್ಳೆಯದೇ ಹೊರತು ಎಲ್ಲ ಕೋಣೆಗೂ ಸಲ್ಲುವ ಕಟ್ಟಳೆಯಲ್ಲ. ನನ್ನ ತೊಂದರೆ ಉದ್ದದ ಎರಡನೆಯ ಅಲೆಯದು, ಆ ಅಲೆ ಗೋಡೆಯಿಂದ ಕಾಲುಭಾಗ ದೂರದಲ್ಲಿ, ಅಂದರೆ ಮೂರೂವರೆ ಅಡಿಯಲ್ಲಿ, ಶೂನ್ಯಕ್ಕಿಳಿಯುತ್ತದೆ. 38ರ ಜಾಗದಲ್ಲಿ ಅದರ ಮುಕ್ಕಾಲು ಪಾಲು ಬಲ ಇನ್ನೂ ಉಳಿದಿರುತ್ತದೆ. ಆಸನವನ್ನು ಅರ್ಧ ಅಡಿಯಂತೆ ಸರಿಸುತ್ತ ಅಳೆದಾಗ ತಲೆ ಹಿಂಗೋಡೆಯಿಂದ ನಾಲ್ಕೂಕಾಲು ಅಡಿಯಲ್ಲಿರುವಾಗ ಮಂದ್ರ ಷಡ್ಜ ತನ್ನ ನೆರೆಯ ಸ್ವರಗಳ ಮಟ್ಟಕ್ಕೆ ಹತ್ತಿರ ಬಂತು, 40 ಹರ್ಟ್ಸಿನ ಬುನಾದಿಯೂ ಉಳಿಯಿತು.

ಸ್ಪೀಕರುಗಳ ಹಿಂದಿನ ಗೋಡೆಯಿಂದ ಮರಳುವ ಅಲೆ, ನೇರ ಬರುವ ಅಲೆಯೊಡನೆ ಒಂದು ಆವೃತ್ತಿಯಲ್ಲಿ ಎದುರಾಗಿ ಅದನ್ನು ಅಳಿಸಿಹಾಕುತ್ತದೆ. ಗೋಡೆಗಿರುವ ದೂರದ ನಾಲ್ಕರಷ್ಟು ಯಾವ ಸ್ವರದ ತರಂಗದೂರವೋ (ಒಂದು ಅಲೆಯ ಉದ್ದವೋ) ಆ ಸ್ವರ ಸೊರಗುತ್ತದೆ. ಮೂರು ಅಡಿಗೆ ಅದು ಸುಮಾರು 95 ಹರ್ಟ್ಸ್, ಒಂದೂವರೆ ಅಡಿಗೆ 190. ಪಕ್ಕದ ಗೋಡೆ ಮತ್ತು ನೆಲಕ್ಕೂ ಇದೇ ಲೆಕ್ಕ ಅನ್ವಯಿಸುವುದರಿಂದ ಈ ಮೂರು ದೂರಗಳು ಒಂದೇ ಆಗದಂತೆ ನೋಡಿಕೊಂಡೆ: ಹಿಂದಕ್ಕೆ ಮೂರು ಅಡಿ, ಪಕ್ಕಕ್ಕೆ ಎರಡೂವರೆ, ತಗ್ಗು ಸ್ವರ ನುಡಿಸುವ ವೂಫರಿನ ನಡುಭಾಗ ನೆಲದಿಂದ ಎರಡೂಕಾಲು. ಹೀಗಾದಾಗ ತಗ್ಗುಗಳು ಒಂದೆಡೆ ಕೂಡಿ ಬೀಳದೆ ಹಂಚಿಹೋಗುತ್ತವೆ.

ಇನ್ನು ಹೀರಿಕೆ. ರಂಧ್ರಗಳುಳ್ಳ ಯಾವುದೇ ವಸ್ತು ಶಬ್ದವನ್ನು ಹೀರುವುದು ಅದರೊಳಗೆ ಗಾಳಿಯ ಕಣಗಳು ಚಲಿಸುವಾಗ ಉಂಟಾಗುವ ಘರ್ಷಣೆಯಿಂದ. ಗೋಡೆಯ ಮೈಯಲ್ಲಿ ಆ ಚಲನೆ ಶೂನ್ಯ. ತರಂಗದೂರದ ಕಾಲುಭಾಗ ಈಚೆ ಬಂದಾಗ ಗರಿಷ್ಠ. ಅಂಗಡಿಗಳಲ್ಲಿ ಸಿಗುವ ಒಂದಂಗುಲದ ಕಪ್ಪು ಫೋಮು ಗೋಡೆಗೆ ಅಂಟಿಕೊಂಡಿದ್ದು ಮೇಲಿನ ಆವೃತ್ತಿಗಳನ್ನಷ್ಟೇ ತಡೆಯುತ್ತದೆ. 81 ಹರ್ಟ್ಸಿನ ತರಂಗದೂರದ ಕಾಲುಭಾಗ ಒಂದು ಮೀಟರಿಗೂ ಹೆಚ್ಚು. ಮೊಟ್ಟೆಯ ತಟ್ಟೆಗಳ ವಿಷಯವೂ ಅಷ್ಟೇ. ತೆಳುವಾದ ವಸ್ತುವಿನಿಂದ ಗೋಡೆ ತುಂಬಿಸಿದರೆ ತಾರದ, ಅಂದರೆ ಮೇಲಿನ ಸ್ವರಗಳ, ಕಾಂತಿ ಹೋಗಿ ಮಂದ್ರದ ಗುಂಯ್ಗಾಟ ಹಾಗೆಯೇ ಉಳಿಯುತ್ತದೆ, ಮೊದಲಿಗಿಂತಲೂ ಎದ್ದು ಕೇಳುತ್ತದೆ. ಇಂಥ ಕೋಣೆಗಳಲ್ಲಿ ಕುಳಿತು ಕೇಳಿದ ನೆನಪಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆಳವಾದ ಹೀರುಗಕ್ಕೆ ಜಾಗವೆಲ್ಲಿ ಎಂಬ ಪ್ರಶ್ನೆಗೆ ಉತ್ತರ ನಮ್ಮ ಮನೆಗಳಲ್ಲೇ ಇದೆ. ಹಿಂಗೋಡೆಯ ಸಜ್ಜಾ ಎರಡು ಅಡಿ ಆಳ, ಎರಡೂಕಾಲು ಅಡಿ ಎತ್ತರ, ಕೋಣೆಯ ಅಗಲದಷ್ಟೂ ಉದ್ದ. ಅದು ಗೋಡೆ ಮತ್ತು ತಾರಸಿ ಸೇರುವ ಮೂಲೆ, ಅಂದರೆ ನಿಂತ ಅಲೆಗಳ ಒತ್ತಡ ಒಟ್ಟುಗೂಡುವ ಸ್ಥಳ. ಅಲ್ಲಿದ್ದ ಸಾಮಾನನ್ನೆಲ್ಲ ಇಳಿಸಿ, ಪೂರ್ತಿ ರಾಕ್‌ವೂಲ್ ಎಂಬ ಕಲ್ಲಿನ ನಾರು ತುಂಬಿಸಿದೆ. ಕೈಗಾರಿಕೆಗಳ ಶಾಖನಿರೋಧಕ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಇದು ಸುಮಾರು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, 50 ಮಿಲಿಮೀಟರ್ ದಪ್ಪದ ಹಲಗೆಗಳಾಗಿ ಸಿಗುತ್ತದೆ. ಸಾಂದ್ರತೆ ಹೆಚ್ಚಿದಷ್ಟೂ ಒಳ್ಳೆಯದೆಂದು ಅಂಗಡಿಯವರು ಘನ ಮೀಟರಿಗೆ 96 ಕಿಲೋದ್ದನ್ನು ತೋರಿಸಿದರು. ಆದರೆ ಇಷ್ಟು ಆಳಕ್ಕೆ ತುಂಬುವಾಗ ಗಾಳಿ ಒಳಕ್ಕೆ ಹೋಗುವಂತಿರಬೇಕು. ಬಿಗಿಯಾದದ್ದು ಅಲೆಯನ್ನು ಹೊರಮೈಯಿಂದಲೇ ಹಿಂದಿರುಗಿಸುತ್ತದೆ. ಹೀಗಾಗಿ ಘನ ಮೀಟರಿಗೆ 48 ಕಿಲೋದ ಹಗುರ ಹಲಗೆಯನ್ನೇ ಆರಿಸಿದೆ. ಸ್ಪೀಕರುಗಳ ಹಿಂದಿನ ಎರಡು ಮೂಲೆಗಳಲ್ಲಿ ಎರಡಡಿ ಅಗಲದ ಮುಖವಿರುವ ತ್ರಿಕೋನದ ಕಂಬಗಳನ್ನು ಒಂಬತ್ತು ಅಡಿಯವರೆಗೆ ಎಬ್ಬಿಸಿ ಅವನ್ನೂ ಅದರಿಂದಲೇ ತುಂಬಿಸಿದೆ.

ಚೌಕಟ್ಟುಗಳನ್ನು ನಮ್ಮ ಬಡಾವಣೆಯ ಆಚಾರರು ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಕೊಟ್ಟರು. ಹಗುರ, ಅಗ್ಗ, ಆದರೆ ಗೆದ್ದಲಿಗೆ ಪ್ರಿಯವಾದ ಮರ. ಗೆದ್ದಲು ನಿರೋಧಕವನ್ನು ಎರಡು ಕೈ ಬಳಿಸಿಯೇ ಜೋಡಿಸಬೇಕು. ರಾಕ್‌ವೂಲ್ ಕಲ್ಲಿನ ನಾರಾದ್ದರಿಂದ ಅದನ್ನು ಗೆದ್ದಲು ತಿನ್ನುವುದಿಲ್ಲ, ಬೆಂಕಿಯೂ ಹತ್ತದು. ಹಳೆಯ ಹತ್ತಿ ಹಾಸಿಗೆಗಳಿಂದಲೂ ಹೀರಿಕೆ ಸಿಗುತ್ತದಾದರೂ ಮಳೆಗಾಲದಲ್ಲಿ ಅವು ತೇವ ಹಿಡಿಯುತ್ತವೆ. ನಾರು ಕತ್ತರಿಸುವಾಗ ಮಾಸ್ಕು, ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ. ಕತ್ತರಿಸಿದ ಹಲಗೆಗಳನ್ನು ನಾರು ಉದುರದಂತೆ ತೆಳು ನಾನ್‌ವೋವನ್ ಬಟ್ಟೆಯಲ್ಲಿ ಸುತ್ತಿ, ಮೇಲೆ ಖಾದಿ ಹೊದಿಸಿದೆವು. ಹೊದಿಕೆಯ ಬಟ್ಟೆಯನ್ನು ತುಟಿಗೆ ಹಿಡಿದು ಊದಿದಾಗ ಉಸಿರು ಸಲೀಸಾಗಿ ದಾಟಿದರೆ ಶಬ್ದವೂ ದಾಟುತ್ತದೆ. ಖಾದಿ ಈ ಪರೀಕ್ಷೆಯಲ್ಲಿ ಚೆನ್ನಾಗಿ ಗೆಲ್ಲುತ್ತದೆ, ನೋಡಲೂ ಮನೆಗೆ ಒಪ್ಪುತ್ತದೆ.

ಅನಂತರ ಪಕ್ಕದ ಗೋಡೆಗಳು. ಕೇಳುವ ಜಾಗದಲ್ಲಿ ಕುಳಿತು, ಇನ್ನೊಬ್ಬರಿಂದ ಕನ್ನಡಿಯನ್ನು ಗೋಡೆಯುದ್ದಕ್ಕೂ ಸರಿಸಿಸಿದಾಗ ಸ್ಪೀಕರಿನ ಟ್ವೀಟರ್ (ಮೇಲಿನ ಸ್ವರ ನುಡಿಸುವ ಭಾಗ) ಎಲ್ಲಿ ಕಾಣುತ್ತದೋ ಅದೇ ಮೊದಲ ಪ್ರತಿಫಲನದ ಸ್ಥಳ. ನನ್ನಲ್ಲಿ ಅದು ಸ್ಪೀಕರಿನಿಂದ ಎರಡು ಅಡಿ ಮುಂದೆ ಬಂತು. ಅಲ್ಲಿಂದ ಮರಳುವ ಶಬ್ದ ನೇರ ಶಬ್ದಕ್ಕಿಂತ ಸುಮಾರು 2.7 ಮಿಲಿಸೆಕೆಂಡು ಮಾತ್ರ ತಡವಾಗಿ ಕಿವಿ ಸೇರುತ್ತದೆ. ಇಷ್ಟು ಬೇಗ ಬಂದದ್ದನ್ನು ಕಿವಿ ಬೇರೆಯಾಗಿ ಗುರುತಿಸದೆ ಮೂಲಧ್ವನಿಗೇ ಬೆರೆಸಿಬಿಡುವುದರಿಂದ ಗಾಯಕರು, ಪಿಟೀಲು, ಮೃದಂಗ ಕೂತ ಜಾಗಗಳು ಕಲಸಿಹೋಗುತ್ತವೆ. ಬಲಗೋಡೆಗೆ 100 ಮಿಲಿಮೀಟರ್ ದಪ್ಪದ ಎರಡು ಫಲಕಗಳನ್ನು, ಹಿಂದೆ ಅಷ್ಟೇ ಅಂತರ ಬಿಟ್ಟು ತೂಗುಹಾಕಿದೆ. ಆ ಅಂತರಕ್ಕೆ ಖರ್ಚಿಲ್ಲ, ಆದರೆ ಫಲಕದ ವ್ಯಾಪ್ತಿ ಇನ್ನಷ್ಟು ಕೆಳಗಿನ ಸ್ವರಗಳವರೆಗೆ ಇಳಿಯುತ್ತದೆ. ಎಡಕ್ಕೆ ಕಿಟಕಿ ಇರುವುದರಿಂದ ಅದೇ ಅಳತೆಯ ಫಲಕಗಳಿಗೆ ಕಾಲು ಕೊಡಿಸಿ, ಕೇಳುವಾಗ ಮಾತ್ರ ಕಿಟಕಿಯ ಮುಂದಕ್ಕೆ ತರುತ್ತೇನೆ. ಎರಡು ಬದಿಗಳು ಸಮನಾದ ದಿನ ತಂಬೂರಿಯ ನಾದ ಎರಡು ಸ್ಪೀಕರುಗಳ ನಡುವೆ ನೆಲೆ ಕಂಡುಕೊಂಡಿತು. ಈ ಎಲ್ಲ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಬದಲಾವಣೆ ಅದು. ತಾರಸಿಗೆ, ಫ್ಯಾನಿನ ರೆಕ್ಕೆಗೆ ತಾಗದಂತೆ ಸ್ಪೀಕರಿನ ಕಡೆಗೆ, ಆಂಕರ್ ಬೋಲ್ಟಿನ ಕೊಂಡಿಗಳಿಂದ ಎರಡು ಫಲಕ ಇಳಿಬಿಟ್ಟಿದ್ದೇನೆ. ಆಸನದ ಹಿಂದೆ ಇನ್ನೆರಡು ಫಲಕ, ಅವುಗಳ ಅಕ್ಕಪಕ್ಕ ಏರುತಗ್ಗಾಗಿ ಪುಸ್ತಕ ಜೋಡಿಸಿದ ಕಪಾಟು.

ನೆಲಕ್ಕೆ ನವಲಗುಂದದ ಜಮಖಾನ, ಅದರಡಿಯಲ್ಲಿ ಎರಡು ಕುರಿ ಉಣ್ಣೆಯ ಕಂಬಳಿ. ಇವು ಮೇಲಿನ ಆವೃತ್ತಿಗಳಿಗಷ್ಟೇ ಸಂಬಂಧಿಸಿದವು, ಸ್ಪೀಕರಿಗೂ ಆಸನಕ್ಕೂ ನಡುವೆ ಹಾಸಿದರೆ ಸಾಕು. ಗೋಡೆಯಿಂದ ಗೋಡೆಗೆ ಹಾಸುವುದನ್ನು ನಾನು ಒಪ್ಪುವುದಿಲ್ಲ. ಚಪ್ಪಾಳೆ ತಟ್ಟಿದಾಗ ಬರಿಗೋಡೆಗಳ ನಡುವೆ ಏಳುವ ‘ಟರ್‍ರ್’ ಎಂಬ ಮರುಕಳಿಕೆ ಅಡಗಿದ ಕೂಡಲೇ ತಾರದ ಹೀರಿಕೆಯನ್ನು ನಿಲ್ಲಿಸಬೇಕು.

ಮತ್ತೆ ಅಳೆದಾಗ ಅನುರಣನ 0.4 ಸೆಕೆಂಡಿಗೆ ಇಳಿದಿತ್ತು, 81 ಹರ್ಟ್ಸಿನ ಏರು ನಾಲ್ಕು ಡೆಸಿಬಲ್‌ಗಳ ಒಳಗೆ ಬಂದಿತ್ತು, ಬಾಲವೂ ಮೊಟಕಾಗಿತ್ತು. 40 ಹರ್ಟ್ಸಿನ ಅಲೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಇದೆ. ಅದನ್ನು ನಾರಿನಿಂದ ಹಿಡಿಯಬೇಕಾದರೆ ಎರಡು ಮೀಟರಿಗೂ ಹೆಚ್ಚು ಆಳ ಬೇಕು, ವಾಸದ ಮನೆಯಲ್ಲಿ ಅದು ಸಾಧ್ಯವಲ್ಲ. ಅಲ್ಲಿ ಬೇಕಾದ ಆವೃತ್ತಿಗಳನ್ನು ಏರಿಸಿ ಇಳಿಸುವ ಡಿಜಿಟಲ್ ಈಕ್ವಲೈಸರಿನಿಂದ ಆ ಒಂದು ಕಿರಿದಾದ ಪಟ್ಟಿಯನ್ನಷ್ಟೇ ಇಳಿಸಿದ್ದೇನೆ. ಏರನ್ನು ಇಳಿಸಲು ಈಕ್ವಲೈಸರ್ ತಕ್ಕ ಸಾಧನ. ಅಲೆಗಳು ಪರಸ್ಪರ ಅಳಿಸಿಕೊಂಡು ಉಂಟಾದ ತಗ್ಗನ್ನು ಅದರಿಂದ ತುಂಬಿಸಲು ಹೋಗಬಾರದು. 10 ಡೆಸಿಬಲ್ ಎತ್ತಲು ಆಂಪ್ಲಿಫೈಯರ್ ಹತ್ತರಷ್ಟು ಶಕ್ತಿ ಕೊಡಬೇಕಾಗುತ್ತದೆ, ಮತ್ತು ಎದುರಾಗುವ ಅಲೆಯೂ ಅಷ್ಟೇ ಬೆಳೆಯುವುದರಿಂದ ತಗ್ಗು ಇದ್ದಲ್ಲೇ ಉಳಿಯುತ್ತದೆ. ಅಂಥ ತಗ್ಗಿಗೆ ಆಸನವನ್ನೋ ಸ್ಪೀಕರನ್ನೋ ಕೆಲವು ಅಂಗುಲ ಸರಿಸಿ ಮತ್ತೆ ಅಳೆಯುವುದೇ ದಾರಿ.