ಅರ್ಧಕ್ಕೆ ನಿಂತ ಆರ್ಚ್ ಲಿನಕ್ಸ್ ಸ್ಥಾಪನೆಯನ್ನು ನಾನು ಮುಂದುವರಿಸಿದ ಬಗೆ

ಆರ್ಚ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಒಂದೊಂದೇ ಕಮಾಂಡ್ ಕೊಟ್ಟು ಸ್ಥಾಪಿಸುವಾಗ ನಡುವೆ ಕಂಪ್ಯೂಟರ್ ಆರಿಸಬೇಕಾಗಿ ಬಂದರೆ, ಎಲ್ಲವೂ ಹಾಳಾಯಿತೆಂದು ಭಾವಿಸಿ ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ. ಪಾರ್ಟಿಷನ್‌ಗಳನ್ನು (ಡಿಸ್ಕಿನ ಭಾಗಗಳನ್ನು) ಮಾಡಿ, ಪ್ಯಾಕ್‌ಸ್ಟ್ರ್ಯಾಪ್ ಎಂಬ ಕಮಾಂಡ್ ಮೂಲಕ ಮೂಲ ಪ್ಯಾಕೇಜುಗಳನ್ನು ಹಾಕಿ, ಕ್ರೂಟ್ (ಡಿಸ್ಕಿನ ಹೊಸ ವ್ಯವಸ್ಥೆಯೊಳಗೆ ಹೊಕ್ಕು ಕೆಲಸ ಮಾಡುವ ವಿಧಾನ) ಒಳಗೆ ಕೆಲವು ಸೆಟ್ಟಿಂಗ್‌ಗಳನ್ನು ಮುಗಿಸಿದ ಹಂತದಲ್ಲಿ ನಾನು ಕೆಲಸ ನಿಲ್ಲಿಸಿ ಲ್ಯಾಪ್‌ಟಾಪ್ ಆರಿಸಬೇಕಾಯಿತು. ಮರುದಿನ ಅದೇ ಜಾಗದಿಂದ ಮುಂದುವರಿಸಿದೆ. ಡಿಸ್ಕಿಗೆ ಬರೆದದ್ದು ಡಿಸ್ಕಿನಲ್ಲಿಯೇ ಇರುತ್ತದೆ. ಅಳಿಸಿಹೋಗುವುದು ಪೆನ್‌ಡ್ರೈವಿನಿಂದ ಬೂಟ್ ಆಗಿ ರ‍್ಯಾಮ್‌ನಲ್ಲಿ ನಡೆಯುತ್ತಿದ್ದ ಲೈವ್ ವ್ಯವಸ್ಥೆಯ ಸ್ಥಿತಿ ಮಾತ್ರ: ವೈಫೈ ಸಂಪರ್ಕ, ಕೀಬೋರ್ಡ್ ವಿನ್ಯಾಸ, ಮೌಂಟ್‌ಗಳು (ಪಾರ್ಟಿಷನ್‌ಗಳನ್ನು ಡೈರೆಕ್ಟರಿಗಳಿಗೆ ಜೋಡಿಸಿದ್ದು), ಸ್ವಾಪ್ (ಮೆಮೊರಿಗೆ ಪೂರಕವಾಗಿ ಬಳಸುವ ಡಿಸ್ಕಿನ ಜಾಗ).

ಹಾಗಾಗಿ ಪೆನ್‌ಡ್ರೈವಿನಿಂದ ಮತ್ತೆ ಬೂಟ್ ಮಾಡಿ, ಐಡಬ್ಲ್ಯುಸಿಟಿಎಲ್ ಬಳಸಿ ವೈಫೈಗೆ ಸೇರಿಕೊಂಡೆ. ಮುಂದಿನ ಹೆಜ್ಜೆಗೆ ಮಾತ್ರ ಸಾಕಷ್ಟು ಸಮಯ ಕೊಡಬೇಕು. ಎಸ್‌ಡಿಎ, ಎಸ್‌ಡಿಬಿ ಎಂಬ ಡಿಸ್ಕ್ ಹೆಸರುಗಳು ಪ್ರತಿ ಬೂಟ್‌ನಲ್ಲಿಯೂ ಹಾಗೆಯೇ ಉಳಿಯುತ್ತವೆಂಬ ಖಾತರಿಯಿಲ್ಲ. ನಿನ್ನೆ ಎಸ್‌ಡಿಎ ಆಗಿದ್ದ ಡಿಸ್ಕಿನ ಹೆಸರನ್ನು ಇಂದು ಪೆನ್‌ಡ್ರೈವ್ ಪಡೆದಿರಬಹುದು. ಆದ್ದರಿಂದ ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡನ್ನು ‘-ಎಫ್’ ಆಯ್ಕೆಯೊಂದಿಗೆ ಕೊಟ್ಟು ಕಡತವ್ಯವಸ್ಥೆ ಮತ್ತು ಯುಯುಐಡಿಗಳನ್ನು (ಪ್ರತಿ ಪಾರ್ಟಿಷನ್ನಿನ ವಿಶಿಷ್ಟ ಗುರುತುಗಳನ್ನು) ನೋಡಿದೆ, ಆ ಆಯ್ಕೆಯಿಲ್ಲದೆ ಇನ್ನೊಮ್ಮೆ ಕೊಟ್ಟು ಗಾತ್ರಗಳನ್ನೂ ತಾಳೆ ನೋಡಿದೆ. ಫ್ಯಾಟ್32 ಎಂದು ತೋರಿಸಿದ ಚಿಕ್ಕದು ಬೂಟ್‌ಗೆ ಬೇಕಾದ ಕಡತಗಳಿರುವ ಇಎಫ್‌ಐ ಪಾರ್ಟಿಷನ್, ಎಕ್ಸ್‌ಟಿ4 ಇದ್ದ ದೊಡ್ಡದು ಉಳಿದ ವ್ಯವಸ್ಥೆಯಿರುವ ರೂಟ್ ಪಾರ್ಟಿಷನ್ ಎಂಬುದು ಸ್ಪಷ್ಟವಾದ ಮೇಲೆಯೇ ಮೌಂಟ್ ಮಾಡಲು ಹೊರಟೆ. ಈ ಹಂತದಲ್ಲಿ ಫಾರ್ಮ್ಯಾಟ್ ಮಾಡುವ ಎಂಕೆಎಫ್‌ಎಸ್ ಹೆಸರಿನ ಯಾವ ಕಮಾಂಡನ್ನೂ ಮುಟ್ಟಬಾರದು. ಮಾರ್ಗದರ್ಶಿಯನ್ನು ಮೇಲಿನಿಂದ ಓದುತ್ತಾ ಬಂದರೆ ಫಾರ್ಮ್ಯಾಟಿನ ಸಾಲು ಮೌಂಟಿನ ಸಾಲಿಗಿಂತ ಮೊದಲೇ ಎದುರಾಗುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೌಂಟ್ ಮಾಡುವಾಗ ಕ್ರಮ ಮುಖ್ಯ. ಮೊದಲು ರೂಟ್ ಪಾರ್ಟಿಷನ್ ಎಂಎನ್‌ಟಿ ಡೈರೆಕ್ಟರಿಗೆ, ಆಮೇಲೆ ಇಎಫ್‌ಐ ಪಾರ್ಟಿಷನ್ ಅದರೊಳಗಿನ ಬೂಟ್ ಡೈರೆಕ್ಟರಿಗೆ, ಕೊನೆಗೆ ಸ್ವಾಪ್‌ಆನ್. ಎರಡನೆಯದನ್ನು ಬಿಟ್ಟರೆ ಯಾವ ದೋಷಸಂದೇಶವೂ ಬರುವುದಿಲ್ಲ, ಅದೇ ಅಪಾಯ. ಆಮೇಲೆ ಹಾಕಿದ ಕರ್ನಲ್ (ಲಿನಕ್ಸಿನ ತಿರುಳು) ರೂಟ್ ಪಾರ್ಟಿಷನ್ನಿನ ಬೂಟ್ ಡೈರೆಕ್ಟರಿಯಲ್ಲಿ ಕುಳಿತು, ಮುಂದೆ ಇಎಫ್‌ಐ ಪಾರ್ಟಿಷನ್ ಅದರ ಮೇಲೆ ಮೌಂಟ್ ಆದಾಗ ಕಣ್ಣಿಗೇ ಬೀಳದಂತಾಗುತ್ತದೆ. ಡಿಸ್ಕಿಗೆ ಲಕ್ಸ್ ಗೂಢಲಿಪೀಕರಣ ಇದ್ದವರು ಮೌಂಟ್‌ಗೆ ಮುನ್ನ ಕ್ರಿಪ್ಟ್‌ಸೆಟಪ್ ಓಪನ್ ಮಾಡಬೇಕು; ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆ ಬಳಸಿದವರು ಮೊದಲಿನ ಸಬ್‌ವಾಲ್ಯೂಮ್‌ಗಳನ್ನೇ ಹೆಸರಿಸಿ ಮೌಂಟ್ ಮಾಡಬೇಕು.

ಆರ್ಚ್-ಕ್ರೂಟ್ ಮೂಲಕ ಒಳಗೆ ಹೋದ ಮೇಲೆ, ಎಲ್ಲಿಗೆ ನಿಲ್ಲಿಸಿದ್ದೆ ಎಂಬುದನ್ನು ನೆನಪಿನಿಂದ ಹೇಳಿಕೊಳ್ಳುವ ಬದಲು ಡಿಸ್ಕನ್ನೇ ಕೇಳಿದೆ. ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕೆಂದು ಹೇಳುವ, ಇಟಿಸಿ ಡೈರೆಕ್ಟರಿಯ ಎಫ್‌ಎಸ್‌ಟ್ಯಾಬ್ ಕಡತವನ್ನು ತೆರೆದಾಗ ರೂಟ್, ಬೂಟ್, ಸ್ವಾಪ್ ಮೂರೂ ಸಾಲುಗಳಿದ್ದವು, ಯುಯುಐಡಿಗಳೂ ಹೊಂದುತ್ತಿದ್ದವು. ಆ ಸಾಲುಗಳನ್ನು ಬರೆದುಕೊಡುವ ಜೆನ್‌ಎಫ್‌ಎಸ್‌ಟ್ಯಾಬನ್ನು ಸಾಮಾನ್ಯವಾಗಿ ಕಡತದ ಕೊನೆಗೆ ಸೇರಿಸುವ ರೀತಿಯಲ್ಲಿ ಕೊಡುವುದರಿಂದ, ಅದನ್ನು ಮತ್ತೊಮ್ಮೆ ಓಡಿಸಿದರೆ ಅವೇ ಸಾಲುಗಳು ಎರಡೆರಡು ಬಾರಿ ಬರುತ್ತವೆ. ಕಂಪ್ಯೂಟರಿನ ಹೆಸರಿರುವ ಹೋಸ್ಟ್‌ನೇಮ್ ಕಡತ ಇತ್ತು. ಭಾಷೆಯ ಸೆಟ್ಟಿಂಗ್‌ಗಳನ್ನು ಸಿದ್ಧಪಡಿಸುವ ಲೊಕೇಲ್-ಜೆನ್ ಆಗಿದೆಯೇ ಎಂದು ‘ಲೊಕೇಲ್ -ಎ’ ಹೇಳಿತು. ‘ಪಾಸ್‌ಡಬ್ಲ್ಯುಡಿ -ಎಸ್ ರೂಟ್’ (ಇಲ್ಲಿ ರೂಟ್ ಎಂದರೆ ನಿರ್ವಾಹಕನ ಖಾತೆ) ಕೊಟ್ಟಾಗ ಎರಡನೆಯ ಅಂಕಣದಲ್ಲಿ ‘ಪಿ’ ಇದ್ದರೆ ಪಾಸ್‌ವರ್ಡ್ ಇಟ್ಟಾಗಿದೆ ಎಂದರ್ಥ. ನನಗೆ ‘ಎಲ್’ ಕಂಡಿತು, ಅಂದರೆ ಅದು ಬಾಕಿ. ಬೂಟ್ ಡೈರೆಕ್ಟರಿಯಲ್ಲಿ ಕರ್ನಲ್ ಮತ್ತು ಅದರ ಆರಂಭಕ್ಕೆ ನೆರವಾಗುವ ಇನಿಟ್‌ರ‍್ಯಾಮ್‌ಎಫ್‌ಎಸ್ ಕಡತಗಳಿದ್ದವು, ಆದರೆ ಬೂಟ್ ಮೆನು ತೋರಿಸಿ ವ್ಯವಸ್ಥೆಯನ್ನು ಆರಂಭಿಸುವ ಗ್ರಬ್‌ನ ಡೈರೆಕ್ಟರಿ ಇರಲಿಲ್ಲ. ಹೀಗೆ ಉಳಿದ ಕೆಲಸ ತಾನಾಗಿಯೇ ಸ್ಪಷ್ಟವಾಯಿತು: ರೂಟ್ ಪಾಸ್‌ವರ್ಡ್, ಗ್ರಬ್, ನೆಟ್‌ವರ್ಕ್.

ಪ್ಯಾಕ್‌ಸ್ಟ್ರ್ಯಾಪ್ ನಡೆಯುತ್ತಿರುವಾಗಲೇ ವಿದ್ಯುತ್ ಹೋಗಿ ಕಂಪ್ಯೂಟರ್ ಆರಿದ್ದರೆ ಪರಿಸ್ಥಿತಿ ಬೇರೆ. ಆಗ ಪ್ಯಾಕೇಜುಗಳನ್ನು ಸ್ಥಾಪಿಸುವ ಪ್ಯಾಕ್‌ಮ್ಯಾನಿನ ಡಿಬಿ.ಎಲ್‌ಸಿಕೆ ಎಂಬ ಬೀಗದ ಕಡತ ಹಿಂದೆ ಉಳಿದು, ಮುಂದಿನ ಕೆಲಸಕ್ಕೆ ಅಡ್ಡ ಬರಬಹುದು. ಬೀಗವನ್ನೇನೋ ಅಳಿಸಬಹುದು, ಆದರೆ ಅರ್ಧ ಬಿಚ್ಚಿಕೊಂಡ ಪ್ಯಾಕೇಜುಗಳ ಮೇಲೆ ವ್ಯವಸ್ಥೆಯನ್ನು ಕಟ್ಟುವುದಕ್ಕಿಂತ, ಸೆಟ್ಟಿಂಗ್ ಏನೂ ಆಗಿರದ ಆ ಹಂತದಲ್ಲಿ ರೂಟ್ ಪಾರ್ಟಿಷನ್ ಒಂದನ್ನೇ ಮತ್ತೆ ಫಾರ್ಮ್ಯಾಟ್ ಮಾಡಿ ಪ್ಯಾಕ್‌ಸ್ಟ್ರ್ಯಾಪ್ ಓಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಪಾಸ್‌ವರ್ಡ್ ಇಟ್ಟು, ಗ್ರಬ್ ಮತ್ತು ಇಎಫ್‌ಐಬೂಟ್‌ಎಂಜಿಆರ್ ಪ್ಯಾಕೇಜುಗಳನ್ನು ಹಾಕಿ, ಗ್ರಬ್-ಇನ್‌ಸ್ಟಾಲ್ ಹಾಗೂ ಗ್ರಬ್-ಎಂಕೆಕಾನ್ಫಿಗ್ ಎರಡನ್ನೂ ಓಡಿಸಿದೆ. ಲೈವ್ ವ್ಯವಸ್ಥೆಯ ವೈಫೈ ಹೊಸ ವ್ಯವಸ್ಥೆಗೆ ಬರುವುದಿಲ್ಲವಾದ್ದರಿಂದ ನೆಟ್‌ವರ್ಕ್‌ಮ್ಯಾನೇಜರನ್ನೂ ಹಾಕಿ ಎನೇಬಲ್ ಮಾಡಿದೆ. ಕ್ರೂಟ್‌ನಿಂದ ಹೊರಬಂದು, ‘-ಆರ್’ ಆಯ್ಕೆಯೊಂದಿಗೆ ಯುಮೌಂಟ್ ಕೊಟ್ಟು ಎಲ್ಲವನ್ನೂ ಬಿಡಿಸಿ, ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿದಾಗ ಗ್ರಬ್ ಮೆನು ಬಂತು, ಅದರ ಹಿಂದೆಯೇ ಲಾಗಿನ್ ಸಾಲು.