ಸಣ್ಣ ಸಾಲದ ಖರ್ಚನ್ನು ಸಂಘ ಹೊರುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಮಂಜೇಶ್ವರದಂತಹ ಗಡಿ ಪಂಚಾಯತುಗಳಲ್ಲಿ ಸಾಲದ ಸಂಘ ನಡೆಸುವವರು ಬಡ್ಡಿ ಇಳಿಸುವುದೇ ಬಡವರಿಗೆ ಮಾಡುವ ಉಪಕಾರವೆಂದು ತಿಳಿಯುವುದುಂಟು. ಆದರೆ ಖರ್ಚೂ ಹುಟ್ಟದ ಬಡ್ಡಿ ಇಟ್ಟ ಸಂಘದಲ್ಲಿ ಮರುವರ್ಷ ಅದೇ ಬಡವರಿಗೆ ಕೊಡಲು ಹಣ ಉಳಿಯುವುದಿಲ್ಲ. ಆದ್ದರಿಂದ ಮೊದಲು ಲೆಕ್ಕ ಹಾಕಬೇಕು.

ಬ್ಯಾಂಕಿನಿಂದ ಶೇ. 9ಕ್ಕೆ ತಂದ ಹಣಕ್ಕೆ ಕೆಲಸದ ಖರ್ಚು ಶೇ. 3, ಬಾರದ ಸಾಲಕ್ಕೆ ಶೇ. 2, ನಿಧಿ ಬೆಳೆಯಲು ಶೇ. 1 ಸೇರಿಸಿದರೆ, ಸಂಘದ ಬಡ್ಡಿ ಇಳಿಯುವ ಬಾಕಿಯ ಮೇಲೆ ಶೇ. 15 ಆಗುತ್ತದೆಂದು ಇಟ್ಟುಕೊಳ್ಳೋಣ. ಅರ್ಜಿ, ಮನೆ ಭೇಟಿ, ವಸೂಲಿ ಸೇರಿ ಪ್ರತಿ ಸಾಲಕ್ಕೂ ವರ್ಷಕ್ಕೆ 300 ರೂಪಾಯಿ ತಗಲುತ್ತದೆಂದು ಎಣಿಸೋಣ. ಸಾಲ 5,000 ಇರಲಿ, 50,000 ಇರಲಿ, ನಡೆದಾಟ ಅಷ್ಟೇ. ಹನ್ನೆರಡು ಸಮಾನ ಅಸಲು ಕಂತುಗಳಲ್ಲಿ ತೀರುವ 5,000ದ ಸಾಲದಿಂದ ಆ ಶೇ. 3ರ ಪಾಲಿಗೆ ಬರುವುದು ಬರೇ 81 ರೂಪಾಯಿ, 50,000ದಿಂದ 812. ಅಂದರೆ ಒಂದು ದೊಡ್ಡ ಸಾಲದ ಹೆಚ್ಚುವರಿ ಎರಡು ಸಣ್ಣ ಸಾಲಗಳ ಕೊರತೆಯನ್ನು ತುಂಬುತ್ತದೆ. ಈ ಅನುಪಾತವನ್ನು ಸಭೆಯಲ್ಲಿ ಮೊದಲೇ ತೀರ್ಮಾನಿಸಿ ಪುಸ್ತಕದಲ್ಲಿ ಬರೆದಿಡಿ; ಇಲ್ಲದಿದ್ದರೆ ದೊಡ್ಡ ಸಾಲ ಕೇಳುವ, ಸಭೆಯಲ್ಲಿ ಮಾತು ನಡೆಯುವ ಸದಸ್ಯರೇ ನಿಧಿಯನ್ನು ಪೂರ್ತಿ ಬಳಸಿಕೊಳ್ಳುತ್ತಾರೆ. ಬಾಕಿ ಇಳಿದರೂ ಮೊದಲ ಮೊತ್ತದ ಮೇಲೆಯೇ ಲೆಕ್ಕ ಹಾಕುವ ಫ್ಲಾಟ್ ಬಡ್ಡಿಯ ಮೋಹವನ್ನೂ ಬಿಡಿ. ವರ್ಷದ ಮಾಸಿಕ ಕಂತಿನ ಸಾಲಕ್ಕೆ ಫ್ಲಾಟ್ ಶೇ. 12 ಎಂದರೆ ನಿಜವಾಗಿ ಶೇ. 21ಕ್ಕೂ ಮೇಲೆ.

ಬಡವರಿಗೆ ನಿಜವಾಗಿ ಒದಗುವುದು ಕಂತಿನ ವೇಳೆ. ಬೀಡಿ ಕಟ್ಟುವವರಿಗೆ ವಾರದ ಮಜೂರಿ ಸಿಕ್ಕಿದ ದಿನವೇ ಸಣ್ಣ ಕಂತು ಹಗುರ. ಅಡಿಕೆ ಕೃಷಿಕರಿಗೆ ಕೊಯ್ಲಿನ ನಂತರ ದೊಡ್ಡ ಕಂತು ಇಡಬಹುದು. ಕುಂಬಳೆಯ ಕಡಲ ಕರೆಯ ಮೀನುಗಾರರಿಗೆ ಮಳೆಗಾಲದ ಜೂನ್, ಜುಲೈ ತಿಂಗಳಲ್ಲಿ ಬಡ್ಡಿ ಮಾತ್ರ ತೆಗೆದುಕೊಂಡು ಅಸಲನ್ನು ಮುಂದೂಡುವುದು ಲೇಸು.

ಸಾಲದ ಮಿತಿಗೆ ರಿಸರ್ವ್ ಬ್ಯಾಂಕಿನ 2022ರ ನಿಯಮವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ವಾರ್ಷಿಕ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಅಡವಿಲ್ಲದೆ ಕೊಡುವುದನ್ನು ಅದು ಕಿರುಸಾಲವೆನ್ನುತ್ತದೆ. ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. 1998ರಲ್ಲಿ ಆರಂಭವಾದ, ಕೇರಳ ಸರ್ಕಾರದ ಮಹಿಳಾ ಯೋಜನೆ ಕುಟುಂಬಶ್ರೀಯ ನೆರೆಹೊರೆಯ ಗುಂಪಾದ ಅಯಲ್‌ಕೂಟದಲ್ಲಿ ಒಂದು, ಖಾಸಗಿ ಕಂಪನಿಯಲ್ಲಿ ಇನ್ನೊಂದು, ಚಿನ್ನದ ಮೇಲೆ ಮತ್ತೊಂದು ಸಾಲವಿರುವ ಮನೆಗಳು ಇಲ್ಲಿ ಅಪರೂಪವಲ್ಲವಾದ್ದರಿಂದ ಎಲ್ಲವನ್ನೂ ಕೇಳಿ ಕೂಡಿಸಿಯೇ ಮಂಜೂರು ಮಾಡಿ.

ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದೂ ಅದೇ ನಿಯಮದಲ್ಲಿದೆ. ಮಲಯಾಳದಲ್ಲಿ ಮಾತ್ರ ಅಚ್ಚಾದ ಕಾರ್ಡಿಗೆ ಸಹಿ ಹಾಕಿದ ಕನ್ನಡದ ಅಕ್ಕಂದಿರಿಗೆ ತಮ್ಮ ಬಾಕಿ ಎಷ್ಟೆಂದು ಇನ್ನೊಬ್ಬರನ್ನು ಕೇಳಬೇಕಾಗುತ್ತದೆ. ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿ, ಆ ಖರ್ಚನ್ನು ಮೇಲಿನ ಶೇ. 3ರಲ್ಲೇ ಸೇರಿಸಿಕೊಳ್ಳಿ.